ಕೋಲ್ಡ್ ಸ್ಟೋರೇಜಿನಲ್ಲಿ ಎರಡು ಡಜನ್ ಗೇಮು

ನನ್ನ ತವರು ಬ್ಯಾಡಗಿ. ಒಣಮೆಣಸಿನಕಾಯಿ ವ್ಯಾಪಾರದ ಮನೆ. ಅಲ್ಲಿ ಏನನ್ನೂ ಪರೀಕ್ಷೆ ಮಾಡದೆ ಹೊಸ್ತಿಲು ದಾಟಿಸಿದ್ದಿಲ್ಲ. ಬೀಗರು ತಂದ ಪೇಢೆ, ಹೊಸ ಕುಕ್ಕರ್, ಮಹಡಿಗೆ ಬಾಡಿಗೆಗೆ ಬಂದ ಮೇಷ್ಟ್ರು, ಎಲ್ಲವೂ ಎಲ್ಲರೂ 'ಮಾಲು'. ನನ್ನನ್ನು ನೋಡಲು ರಾಣೆಬೆನ್ನೂರಿನಿಂದ ವರ ಬಂದುಹೋದ ಮೇಲೆ ನನ್ನ ಅಣ್ಣ ಹೇಳಿದ್ದು ಇಷ್ಟೇ: "ಮಾಲು ಚಲೋ ಐತಿ. ತುಸು ತೇವ ಐತಿ." ಆ ತೇವ ಏನೆಂದು ಆಗ ತಿಳಿಯಲಿಲ್ಲ. ಮದುವೆಯಾಗಿ ಒಂದು ತಿಂಗಳಿಗೆ, ಟೀವಿಯೊಳಗೆ ಯಾರೋ ಮಗಳನ್ನು ಗಂಡನ ಮನೆಗೆ ಕಳಿಸುವಾಗ ನನ್ನ ಗಂಡ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಣ್ಣನ ಪರೀಕ್ಷೆಯ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಅವತ್ತು.

ಅಣ್ಣ ಪರೀಕ್ಷೆ ಮಾಡುವುದನ್ನು ನೋಡಬೇಕು. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಮುಷ್ಟಿ ಕಾಯಿ ತೆಗೆಯುತ್ತಾನೆ. ಬಣ್ಣ ನೋಡುತ್ತಾನೆ. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಾನೆ. ಕೊನೆಗೆ ಮೂಗಿಗೆ ಹಿಡಿಯುತ್ತಾನೆ. ಎಲ್ಲ ಸರಿಯಿದ್ದರೆ ಆ ಮುಷ್ಟಿ ತಿರುಗಿ ಚೀಲಕ್ಕೆ ಹೋಗುತ್ತದೆ. ಹೊಸ ಕಾಯಿಯಲ್ಲಿ ಹೋದ ವರ್ಷದ ಹಳೇ ಕಾಯಿ ಬೆರೆಸಿದ್ದು ಗೊತ್ತಾದರೆ ಅವನು ಕೂಗಾಡುವುದಿಲ್ಲ. ಆ ಮುಷ್ಟಿಯನ್ನು ಮಾಲು ತಂದವನ ಅಂಗೈಯಲ್ಲಿಟ್ಟು, ಅವನ ಬೆರಳು ಮಡಚಿ, ಸುಮ್ಮನೆ ಮುಂದಿನ ಚೀಲಕ್ಕೆ ಹೋಗುತ್ತಾನೆ. ಇದು ನಮ್ಮ ಅಪ್ಪನಿಂದ ಬಂದ ಪದ್ಧತಿ. ತಂದವನಿಗೆ ತಿಳಿಯುತ್ತದೆ, ಪಕ್ಕದಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ನಾಲ್ಕು ಜನರ ನಡುವೆ ಒಬ್ಬನ ಮರ್ಯಾದೆ ತೆಗೆದು ನಮಗೆ ಏನು ಬರಬೇಕಾಗಿದೆ ಅಂತ ಅಪ್ಪ ಹೇಳುತ್ತಿದ್ದರು.

ಹೋದ ವರ್ಷದ ಸುಗ್ಗಿಯಲ್ಲಿ ಈ ಪರೀಕ್ಷೆ ಒಮ್ಮೆ ಕೈಕೊಟ್ಟಿತು. ಅಣ್ಣ 'ಚಲೋ' ಅಂದು ಹಿಡಿದ ಮಾಲಿನ ತಳದಲ್ಲಿ ತೇವ ಹಿಡಿದ ಹಳೇ ಕಾಯಿ ಇತ್ತು. ಕೊಂಡವರು ಚೀಲಗಳನ್ನು ವಾಪಸು ಕಳಿಸಿದರು. ತಪ್ಪು ಯಾರಿಗೆ ಆಗುವುದಿಲ್ಲ? ಆದರೆ ಅಣ್ಣನಿಗೆ ಅರವತ್ತಾಗಿತ್ತು, ಕನ್ನಡಕದ ನಂಬರು ಎರಡು ಸಲ ಬದಲಾಗಿತ್ತು. ಮಾಲಿಗೆ ದರ ಬರೆದು ಮೊಬೈಲಿನಲ್ಲಿ ಟೆಂಡರ್ ಹಾಕುವ ಕೆಲಸ ಆಗಲೇ ಮಗನ ಕೈಗೆ ಹೋಗಿತ್ತು. ಆ ಮಗ ಹುಬ್ಬಳ್ಳಿಯಿಂದ ತೇವ ಅಳೆಯುವ ಒಂದು ಪುಟ್ಟ ಮಷಿನ್ ತಂದ. ಕೈಯಲ್ಲಿ ಹಿಡಿದು ಮುಳ್ಳು ಚುಚ್ಚಿದರೆ ಅಂಕಿ ತೋರಿಸುತ್ತದೆ. ಅಣ್ಣ ಒಂದು ಚೀಲ ನೋಡಿ ಮುಂದೆ ಹೋದರೆ, ಹಿಂದಿನಿಂದ ಮಗ ಅದೇ ಚೀಲಕ್ಕೆ ಮುಳ್ಳು ಚುಚ್ಚುತ್ತಿದ್ದ. ಅಣ್ಣನಿಗೆ ಅದು ಕಾಣುತ್ತಿತ್ತು. ಕಂಡಾಗಲೆಲ್ಲ ತಗಡಿನ ಚಾವಣಿ ನೋಡುತ್ತ ನಿಲ್ಲುತ್ತಿದ್ದ. ರಾತ್ರಿ ಊಟಕ್ಕೆ ಅವನಿಗೆ ಒಂದು ರೊಟ್ಟಿ ಕಡಿಮೆಯಾಗಿದೆ ಎಂದು ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಫೋನಿನಲ್ಲಿ ಹೇಳಿದರು.

ಇಂಥ ಹೊತ್ತಿನಲ್ಲಿ ಗೇಮು ಬಂತು.

ಯುಗಾದಿ ಮುಗಿದ ವಾರ ಅಣ್ಣ ಯಾವುದೋ ಕಾಗದಪತ್ರಕ್ಕೆ ಹಾವೇರಿಗೆ ಹೋಗಿದ್ದ. ಅಲ್ಲಿ ಒಂದು ಹಳೇ ಅಂಗಡಿ. ರೇಡಿಯೋ, ಕ್ಯಾಸೆಟ್ಟು, ಗಡಿಯಾರ, ಇಸ್ತ್ರಿಪೆಟ್ಟಿಗೆ ಮಾರುತ್ತಿದ್ದವರು ಅಂಗಡಿ ಮುಚ್ಚುತ್ತಿದ್ದರು. ನಾನು ಮೆಟ್ರಿಕ್ ಪಾಸಾದಾಗ ಅಪ್ಪ ನನಗೆ ಕೈಯಲ್ಲಿ ಹಿಡಿದು ಆಡುವ ಗೇಮು ಕೊಡಿಸಿದ್ದು ಅದೇ ಅಂಗಡಿಯಲ್ಲಿ. ಬೂದು ಬಣ್ಣದ ಮೈ, ಹಳದಿ ಗುಂಡಿಗಳು, ಅಂಗೈಯಗಲದ ಪರದೆ. ಡಬ್ಬಿಯ ಮೇಲೆ ಒಂಬತ್ತು ಸಾವಿರ ಚಿಲ್ಲರೆ ಆಟ ಇವೆ ಎಂದು ಬರೆದಿತ್ತು. ಕೂತು ನೋಡಿದರೆ ಇದ್ದದ್ದು ಒಂದೇ, ಮೇಲಿನಿಂದ ಇಟ್ಟಿಗೆ ಬೀಳುವ ಆಟ. ಉಳಿದವೆಲ್ಲ ಅದರ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಆದರೂ ಎರಡು ಪೆನ್ಸಿಲ್ ಸೆಲ್ ಹಾಕಿದರೆ ತಿಂಗಳುಗಟ್ಟಲೆ ಬೇಸರವಿಲ್ಲದೆ ಇಟ್ಟಿಗೆ ಸುರಿಸುತ್ತಿತ್ತು. ಅಣ್ಣನೂ ಆಡುತ್ತಿದ್ದ. ಒಂದು ದಿನವೂ ನನ್ನನ್ನು ಸೋಲಿಸಲಿಲ್ಲ, ಇದನ್ನು ಇಲ್ಲಿ ದಾಖಲೆಗಾಗಿ ಬರೆದಿದ್ದೇನೆ.

ಅವತ್ತು ಮಧ್ಯಾಹ್ನ ಅವನ ಫೋನು ಬಂತು.

"ಎರಡು ಡಜನ್ ಹಿಡದೇನಿ," ಅಂದ.

"ಏನು, ಮಾವಿನಹಣ್ಣ?"

"ಗೇಮು. ನಿಂದೊಂದು ಐತಲಾ, ಅದ ಗೇಮು. ಹೊಸಾವು, ಡಬ್ಬಿ ಸೈತ ತಗದಿಲ್ಲ."

"ಅಣ್ಣಾ, ಅರವತ್ತಕ್ಕ ಅರಳು ಮರಳು ಅಂತಾರ. ನೀ ಬರೋಬ್ಬರಿ ವ್ಯಾಳ್ಯಾಕ್ಕ ಶುರು ಮಾಡೀದಿ ನೋಡು."

ಅವನು ಬೇಸರ ಮಾಡಿಕೊಳ್ಳಲಿಲ್ಲ. ಮಾರುಕಟ್ಟೆಯ ಪಾಠ ಹೇಳಿದ. "ಕಂಪನಿಯವರು ಇದನ್ನ ಮಾಡೂದು ಬಿಟ್ಟಾರ. ಅಂದ್ರ ಆವಕ ನಿಂತೈತಿ. ಬೇಕು ಅನ್ನೋರು ಇನ್ನೂ ಅದಾರ. ಆವಕ ನಿಂತ ಮಾಲಿಗೆ ದರ ಬರಾಕಬೇಕು. ಹಿಡದು ಸುಮ್ನ ಕುಂದ್ರೂದು, ಅಷ್ಟ."

ಪೇಟೆಗೆ ಬಂದು ಬೀಳುವ ಮಾಲಿಗೆ ನಮ್ಮಲ್ಲಿ ಆವಕ ಅನ್ನುತ್ತಾರೆ. ಸುಗ್ಗಿಯಲ್ಲಿ ಆವಕ ಜಾಸ್ತಿ, ದರ ಕಡಿಮೆ. ಆವಕ ನಿಂತ ಮೇಲೆ, ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ಇಟ್ಟವನ ಮುಖದಲ್ಲಿ ಕಳೆ. ಲೆಕ್ಕ ಹಾಕಿದರೆ ಅಣ್ಣನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ನಗುವುದನ್ನು ಬಿಡಲಿಲ್ಲ, ಅದು ಬೇರೆ. ಆದರೆ ಇದು ದುಡ್ಡಿನ ಆಸೆಯಲ್ಲ ಎಂದು ನನಗೆ ಗೊತ್ತಿತ್ತು. ತಾನು ಮುಟ್ಟಿ ಚಲೋ ಅಂದ ಮಾಲು ಚಲೋ ಎಂದು ಅವನ ಮಗ ಇನ್ನೊಮ್ಮೆ ಒಪ್ಪಬೇಕಿತ್ತು. ಮೆಣಸಿನಕಾಯಿಯಲ್ಲಿ ಕಳೆದದ್ದನ್ನು ಅವನು ಗೇಮಿನಲ್ಲಿ ಹುಡುಕುತ್ತಿದ್ದ.

ಮುಂದಿನ ಭಾನುವಾರ ನಾನು ಬ್ಯಾಡಗಿಗೆ ಹೋದೆ. ಪಡಸಾಲೆಯಲ್ಲಿ ಅಣ್ಣ, ವೈನಿ ಇಬ್ಬರೂ ಕಾಲು ಚಾಚಿ ಕೂತು ಗೇಮುಗಳನ್ನು ಡಬ್ಬಿಯಿಂದ ಬಿಡಿಸುತ್ತಿದ್ದರು, ಬಟಾಣಿ ಸುಲಿದ ಹಾಗೆ. ಒಂದು ಕಡೆ ಗೇಮು, ಒಂದು ಕಡೆ ಖಾಲಿ ಡಬ್ಬಿ. ಮಧ್ಯದಲ್ಲಿ ಎರಡು ಗೋಣಿಚೀಲ.

"ಇದೇನಿದು?" ಅಂದೆ.

"ಕೋಲ್ಡ್ ಸ್ಟೋರೇಜಿಗೆ ಹೊಂಟಾವ," ಅಂದರು ವೈನಿ, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ. "ನಿಮ್ಮಣ್ಣಗ ನನ್ನನ್ನ ಇಡಾಕ ಅಲ್ಲೆ ಜಾಗಾ ಸಿಕ್ಕಿಲ್ಲ, ಅದಕ್ಕ ಉಳದೇನಿ."

ಅಣ್ಣನ ವಿಚಾರ ಸರಳವಾಗಿತ್ತು. ಬೇಸಿಗೆಯ ಬಿಸಿಲಿಗೆ ಮೆಣಸಿನಕಾಯಿಯ ಬಣ್ಣ ಹೋಗುತ್ತದೆ, ತಂಪಿನಲ್ಲಿ ಉಳಿಯುತ್ತದೆ. ಗೇಮಿನ ಪರದೆಯೂ ಬಿಸಿಲಿಗೆ ಕಪ್ಪಾಗುವುದನ್ನು ಅವನು ಕಂಡಿದ್ದ. ಹೇಗೂ ಅಲ್ಲಿ ಅವನ ಚೀಲಗಳಿದ್ದವು. ಆದರೆ ಕೋಲ್ಡ್ ಸ್ಟೋರೇಜಿನ ಬಾಡಿಗೆ ಚೀಲದ ಲೆಕ್ಕ. ಪೆಟ್ಟಾಗದಂತೆ ನಡುನಡುವೆ ಒಣಕಾಯಿ ಹಾಕಿ, ಡಬ್ಬಿ ಸಮೇತ ತುಂಬಿದರೆ ನಾಲ್ಕು ಚೀಲ, ಬರೀ ಗೇಮಾದರೆ ಎರಡೇ.

"ಡಬ್ಬಿ ಒಗದು ಬಿಡೂದೇನು?" ಅಂದೆ.

"ಚೀಲದ ತೂಕ ಕಳದು ಮಾಲಿನ ತೂಕ ಹಿಡೀತಾರ, ಹೌದಿಲ್ಲೋ? ಡಬ್ಬೀಗೆ ಯಾರ ದರ ಕೊಡ್ತಾರ?"

ನಲವತ್ತು ವರ್ಷ ಚೀಲದ ತೂಕ ಕಳೆದು ಬದುಕಿದ ಮನುಷ್ಯನ ಮಾತು. ನಾನಾದರೂ ಓದಿದವಳು, ರಾಣೆಬೆನ್ನೂರಿನ ಶಾಲೆಯಲ್ಲಿ ಗಣಿತ ಕಲಿಸುವವಳು, ತಡೆಯಬೇಕಿತ್ತು. ತಡೆಯಲಿಲ್ಲ. "ಹಂಗಾರ ನನಗ ಕೊಡು, ಸಾಲಿ ಹುಡುಗ್ರಿಗೆ ಬೇಕಾಗ್ತಾವ," ಅಂದು ಎಲ್ಲ ಡಬ್ಬಿಗಳನ್ನೂ ಎರಡು ಕೈಚೀಲದಲ್ಲಿ ತುಂಬಿಕೊಂಡು ಬಂದೆ. ಡಜನ್ನಿಗೊಂದರಂತೆ ಡಬ್ಬಿ ಬಂದಿದ್ದ ರಟ್ಟಿನ ದೊಡ್ಡ ಪೆಟ್ಟಿಗೆಗಳಲ್ಲಿ ಒಂದನ್ನು ವೈನಿ ದೀಪಾವಳಿಯ ಹಣತೆ ಇಡಲು ಎತ್ತಿಕೊಂಡರು. ಜೂನಿನಲ್ಲಿ ಶಾಲೆ ಶುರುವಾಯಿತು, ಮಳೆ ಕಡಿಮೆಯಾದ ಮೇಲೆ ನನ್ನ ಆರನೇ ತರಗತಿಯವರನ್ನು ಗಳಗನಾಥಕ್ಕೆ ಕರೆದುಕೊಂಡು ಹೋಗಿದ್ದೆವು. ಬಂದ ಮೇಲೆ ಹುಡುಗರು ಆ ಡಬ್ಬಿಗಳಿಗೆ ಅಂಟು ಹಚ್ಚಿ ಹೊಳೆದಂಡೆಯ ಗುಡಿ ಕಟ್ಟಿದರು. ಮಣ್ಣಿನ ಬಣ್ಣ ಬಳಿದರು. ಚೆನ್ನಾಗಿತ್ತು. ಗೋಡೆಯ ಒಂದು ಮೂಲೆಯಲ್ಲಿ ಬಣ್ಣದ ಅಡಿಯಿಂದ ಹಳದಿ ಗುಂಡಿಯೊಂದು ಇಣುಕುತ್ತಿತ್ತು, ಅಷ್ಟೇ.

ದೀಪಾವಳಿಗೆ ತವರಿಗೆ ಹೋದಾಗ ಚೀಲಗಳು ಹೊರಗೆ ಬಂದಿದ್ದವು. ತಂಪಿನಿಂದ ತೆಗೆದ ಮೆಣಸಿನಕಾಯಿ ಚೀಲವನ್ನು ಕೂಡಲೇ ಬಿಚ್ಚಿದರೆ ಬೆವರುತ್ತದೆ. ಒಂದು ದಿನ ಹಾಗೇ ಬಿಡಬೇಕು. ಅಣ್ಣ ಗೇಮುಗಳನ್ನೂ ಒಂದು ದಿನ ಹಾಗೇ ಬಿಟ್ಟಿದ್ದ. ಆಮೇಲೆ ಒಂದೊಂದಕ್ಕೂ ಸೆಲ್ ಹಾಕಿ ನೋಡಿದ. ಇಪ್ಪತ್ತನಾಲ್ಕೂ ಕುಂಯ್ ಎಂದವು. ಒಂದೇ ಕುಂದು, ಅವುಗಳನ್ನು ಯಾರು ಮುಖದ ಹತ್ತಿರ ತಂದರೂ ಸೀನುತ್ತಿದ್ದರು. ಆರು ತಿಂಗಳು ಮೆಣಸಿನಕಾಯಿ ಚೀಲದಲ್ಲಿ, ಮೆಣಸಿನಕಾಯಿಗಳ ನಡುವೆ ಮಲಗಿ ಎದ್ದಿದ್ದವು. ಗುಂಡಿ ಒತ್ತಿದರೆ ಘಾಟು ಬರುತ್ತಿತ್ತು.

ಆದರೂ ಈ ಸಾಮಾನಿನ ಹೆಸರು ಎಷ್ಟು ಗಟ್ಟಿ ಎಂದು ನಾನು ಕಂಡದ್ದು ಆ ವಾರ. ನಾಲ್ಕು ಗೇಮು ಅಂಗಡಿಯ ಗಾದಿಯ ಮೇಲೆ ಬಿದ್ದಿದ್ದವು. ತೂಕ ಮಾಡುವವರು, ಹಮಾಲರು, ಚಹಾ ತರುವವನು, ಪಕ್ಕದ ಅಂಗಡಿಯ ಗಂಭೀರ ಮುಖದ ಸಾಹುಕಾರರು, ನಲವತ್ತು ದಾಟಿದ ಗಂಡಸರೆಲ್ಲ "ಅಲಾ, ಇದು ಇನ್ನೂ ಐತೇನು?" ಎನ್ನುತ್ತ ಬಂದು, ಸೀನಿ, ಪಾಳಿ ಹಚ್ಚಿ ಆಡಿದರು. ಎಲ್ಲರ ಜೇಬಿನಲ್ಲೂ ದೊಡ್ಡ ದೊಡ್ಡ ಮೊಬೈಲು. ಅದರೊಳಗೆ ಸಾವಿರ ಆಟ. ಆದರೆ ಉದ್ದನೆಯ ಇಟ್ಟಿಗೆ ಬರಲಿ ಎಂದು ಉಸಿರು ಬಿಗಿಹಿಡಿದು ಕಾಯುವ ಮುಖ ನಾನು ಮೊಬೈಲಿನ ಮುಂದೆ ಕಂಡಿಲ್ಲ. ಒಬ್ಬ ಸಾಹುಕಾರರು ಟೆಂಡರ್ ಹಾಕುವ ಸಮಯವನ್ನೇ ಮರೆತರು ಎಂಬ ಸುದ್ದಿಯೂ ಬಂತು. ಹೆಸರೇನೋ ಗಟ್ಟಿ. ಆದರೆ ಆಡಿದವರೆಲ್ಲ ಆಡಿ ಎದ್ದುಹೋದರು, ಒಬ್ಬರೂ ದರ ಕೇಳಲಿಲ್ಲ.

ಕೊನೆಗೆ ಅಣ್ಣನ ಮಗನೇ ಗೇಮುಗಳ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದ. ಎರಡನೇ ದಿನ ಹುಬ್ಬಳ್ಳಿಯಿಂದ ಒಬ್ಬ ಹಲ್ಲಿನ ಡಾಕ್ಟರ ಫೋನು. ಅವರಿಗೆ ಹಳೇ ಗೇಮು ಕೂಡಿಡುವ ಹುಚ್ಚು. ಅಣ್ಣ ಫೋನಿನ ಸ್ಪೀಕರ್ ಹಾಕಿಸಿ, ನಮ್ಮೆಲ್ಲರಿಗೂ ಕೇಳಲಿ ಎಂದು, ತನ್ನ ದರ ಹೇಳಿದ. ಡಾಕ್ಟರು ಒಪ್ಪಿದರು. ಅಣ್ಣ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಅಷ್ಟರಲ್ಲಿ ಡಾಕ್ಟರು ಕೇಳಿದರು, "ಬಾಕ್ಸ್ ಅದಾವಲ್ರಿ? ಬಾಕ್ಸ್ ಸಮೇತ ಪೂರಾ ಡಜನ್, ಕಂಪನಿಯಿಂದ ಬಂದ ಪೆಟಗಿಯೊಳಗ ಇದ್ರ ನೀವು ಹೇಳಿದ ರೇಟು. ಬಾಕ್ಸ್ ಇಲ್ಲಾಂದ್ರ ಅವು ಬರೇ ಆಟಗಿ ಸಾಮಾನು ನೋಡ್ರಿ."

ಮೂಗಿಗಿಂತ ಮೂಗುತಿ ಭಾರ ಅನ್ನುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಅಣ್ಣನ ಮಗ ಒಳ್ಳೆಯವನು, ಅಪ್ಪನ ಮುಖ ನೋಡದೆ ತನ್ನ ಉಗುರು ನೋಡುತ್ತ ಕೂತ. ಅಣ್ಣ ಚಾವಣಿಯ ಕಡೆ ಕಣ್ಣೆತ್ತಿದ. ನನಗೆ ತಡೆಯಲಾಗಲಿಲ್ಲ.

"ಡಬ್ಬಿ ಎಲ್ಲಿ ಹೋಗ್ತಾವ, ನನ್ನ ಹತ್ರ ಅದಾವ," ಅಂದೆ ಗಟ್ಟಿಯಾಗಿ. "ಬರೂ ಭಾನುವಾರ ಬರ್ರಿ ಅಂತ ಹೇಳು ಅವರಿಗೆ."

ರಜೆ ಮುಗಿದ ದಿನ ಶಾಲೆಗೆ ಹೋಗಿ ಕಪಾಟು ತೆಗೆದೆ. ಗುಡಿಗೆ ಸೇರದೆ ಉಳಿದ ಡಬ್ಬಿಗಳು ಹನ್ನೊಂದು. ಮೂರು ಸಲ ಎಣಿಸಿದೆ. ಗಣಿತದ ಟೀಚರು ಎಣಿಸಿದರೂ ಹನ್ನೊಂದು ಹನ್ನೊಂದೇ. ಗುಡಿಯಿಂದ ಒಂದನ್ನು ಬಿಡಿಸಲು ನೋಡಿದೆ, ರಟ್ಟು ಪದರು ಪದರಾಗಿ ಹರಿದು ಬಂತು. ಆಗ ನನಗೆ ಮನೆಯ ಕಪಾಟು ನೆನಪಾಯಿತು. ರೇಷ್ಮೆ ಸೀರೆಗಳ ಕೆಳಗೆ ನನ್ನದೇ ಗೇಮು ಇತ್ತು, ಡಬ್ಬಿ ಸಮೇತ. ಆಡಿ ಮುಗಿದ ಮೇಲೆ ಡಬ್ಬಿಯಲ್ಲೇ ಇಡಬೇಕು ಎಂದು ಅಪ್ಪ ಮಾಡಿಸಿದ ರೂಢಿ ಅದನ್ನು ಇಷ್ಟು ವರ್ಷ ಉಳಿಸಿತ್ತು. ಅದೇ ಅಂಗಡಿ, ಅದೇ ಬೂದು, ಅದೇ ಹಳದಿ. ಪ್ರತಿ ಡಬ್ಬಿಯ ಮೇಲೂ ಅದರ ಗೇಮಿನ ಬೆನ್ನಿನ ನಂಬರೇ ಇತ್ತು, ಹಾಗಾಗಿ ನನ್ನ ಡಬ್ಬಿಗೆ ಅಣ್ಣನ ಗೇಮು ಹಾಕುವಂತಿರಲಿಲ್ಲ. ಟೂತ್‌ಪೇಸ್ಟ್ ಹಚ್ಚಿ ಹಳೇ ಬ್ರಷ್ಷಿನಿಂದ ತಿಕ್ಕಿದೆ. ಹೊಸದರ ಹಾಗಾಯಿತು. ಅಪ್ಪ ಕೊಡಿಸಿದ್ದನ್ನು ಮಾರಾಟಕ್ಕೆ ಇಡಲು ಮನಸ್ಸಾಗದೆ ಒಮ್ಮೆ ತಿರುಗಿ ಸೀರೆಗಳ ಕೆಳಗೇ ಇಟ್ಟೆ. ಆದರೆ ಅಣ್ಣ ಚಾವಣಿ ನೋಡುವುದನ್ನು ಇನ್ನೊಮ್ಮೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಶನಿವಾರ ಸಂಜೆ ಬ್ಯಾಡಗಿಗೆ ಹೋಗಿ, ವೈನಿಯ ಪೆಟ್ಟಿಗೆಯಿಂದ ಹಣತೆ ಖಾಲಿ ಮಾಡಿ, ನಂಬರು ನೋಡಿ ಹನ್ನೊಂದು ಡಬ್ಬಿಗಳಲ್ಲಿ ಅವನ ಗೇಮು ತುಂಬಿ, ಹನ್ನೆರಡನೆಯದಾಗಿ ನನ್ನದನ್ನು ಸೇರಿಸಿದೆ. ಯಾರಿಗೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಡಾಕ್ಟರು ಅಂಗಡಿಗೆ ಬಂದರು. ಸಣ್ಣ ಮೈಯ, ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಗಾದಿಯ ಮೇಲೆ ಕೂತು ಒಂದೊಂದೇ ಡಬ್ಬಿ ಬಿಚ್ಚಿದರು. ಮೊದಲನೆಯದಕ್ಕೆ ಒಂದು ಸೀನು, ಎರಡನೆಯದಕ್ಕೆ ಎರಡು. ನಾಲ್ಕನೆಯದಕ್ಕೆ ಜೇಬಿನಿಂದ ಮಾಸ್ಕ್ ತೆಗೆದು ಕಟ್ಟಿಕೊಂಡರು. "ಮಾಲು ಅಸಲ ಐತಿ ಅನ್ನಾಕ ಇದ ಸಾಕ್ಷಿ ನೋಡ್ರಿ, ಬ್ಯಾಡಗಿ ವಾಸನಿ," ಅಂದ ಅಣ್ಣ, ನಗುತ್ತ. ಎಷ್ಟೋ ತಿಂಗಳ ಮೇಲೆ ಅವನು ಅಂಗಡಿಯಲ್ಲಿ ನಕ್ಕಿದ್ದ. ಅವನ ಮಗ ಬಾಗಿಲ ಹತ್ತಿರ, ತೇವದ ಮಷಿನ್ ಅಂಗಿಯ ಜೇಬಿನಲ್ಲಿಟ್ಟುಕೊಂಡು, ನಿಂತು ನೋಡುತ್ತಿದ್ದ.

ಡಾಕ್ಟರು ಮಾಸ್ಕಿನೊಳಗೂ ಸೀನುತ್ತ ಹನ್ನೊಂದು ನೋಡಿದರು. ಹನ್ನೆರಡನೆಯದಕ್ಕೆ ಸೀನಲಿಲ್ಲ. "ಇದು ಎಲ್ಲಾದ್ರಕಿಂತ ಕ್ಲೀನ್ ಐತಿ," ಅಂದರು. ನನ್ನ ಟೂತ್‌ಪೇಸ್ಟಿನ ಮೇಲೆ ನನಗೆ ಹೆಮ್ಮೆಯಾಯಿತು. ವ್ಯವಹಾರ ಮುಗಿದಂತೆಯೇ. ಪೆಟ್ಟಿಗೆಗೆ ತುಂಬುವ ಕೆಲಸ ಮಾತ್ರ ಉಳಿದಿತ್ತು, ಅದನ್ನು ಅಣ್ಣ ತಾನೇ ಮಾಡಲು ಕೂತ. ಒಂದೊಂದನ್ನೂ ಕೈಗೆ ತೆಗೆದುಕೊಂಡು, ಡಬ್ಬಿಯೊಳಗಿಟ್ಟು, ಪೆಟ್ಟಿಗೆಗೆ ಇಳಿಸುತ್ತಿದ್ದ. ಕನ್ನಡಕ ಹಣೆಯ ಮೇಲಿತ್ತು.

ಹನ್ನೆರಡನೆಯದು ಅವನ ಕೈಯಲ್ಲಿ ನಿಂತಿತು.

ಹೆಬ್ಬೆರಳಿನಿಂದ ದೊಡ್ಡ ಗುಂಡಿಯನ್ನು ಒಮ್ಮೆ ಒತ್ತಿದ. ಹೊಸ ಗೇಮಿನ ಗುಂಡಿ ಬಿಗಿ. ಇದು ಸಾವಿರ ಸಂಜೆ ನನ್ನ ಬೆರಳು ಸವೆಸಿದ ಗುಂಡಿ. ಆಮೇಲೆ ಅದನ್ನು ಮೂಗಿಗೆ ಹಿಡಿದ. ನಾನು ಎಲ್ಲವನ್ನೂ ಯೋಚಿಸಿದ್ದೆ, ವಾಸನೆಯನ್ನು ಯೋಚಿಸಿರಲಿಲ್ಲ. ಹನ್ನೊಂದು ಗೇಮು ಮೆಣಸಿನಕಾಯಿ ನಾರುತ್ತಿದ್ದವು. ನನ್ನದು ಸೀರೆ ಕಪಾಟಿನ ನುಸಿಗುಳಿಗೆ ನಾರುತ್ತಿತ್ತು.

ಅವನು ಎದ್ದ. ನೇರವಾಗಿ ನಾನು ಕೂತಲ್ಲಿಗೆ ಬಂದು, ಗೇಮನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳು ಮಡಚಿ, ತಿರುಗಿ ಹೋಗಿ ಪೆಟ್ಟಿಗೆಯ ಮುಂದೆ ಕೂತ.

ನನಗೆ ನಾಚಿಕೆಯಾಯಿತು. ಹಳೇ ಮಾಲನ್ನು ಹೊಸದರಲ್ಲಿ ಬೆರೆಸಿದ ಎಷ್ಟೋ ಜನ ಆ ಅಂಗಡಿಯಲ್ಲಿ ಹೀಗೆ ಮುಷ್ಟಿ ಹಿಡಿದು ನಿಂತದ್ದನ್ನು ಚಿಕ್ಕವಳಾಗಿದ್ದಾಗಿನಿಂದ ಕಂಡವಳು ನಾನು. ಅವರ ಸಾಲಿನಲ್ಲಿ ಈಗ ನಾನೂ ಇದ್ದೆ.

"ಡಾಕ್ಟರ, ಹನ್ನೊಂದ ಅದಾವ," ಅಂದ ಅಣ್ಣ. "ಡಜನ್ ಆಗೂದಿಲ್ಲ."

"ಹನ್ನೆರಡು ನೋಡಿದ್ನೆಲ್ರಿ ನಾ?"

"ಅದು ಬ್ಯಾರೆ ಮಾಲು. ತಪ್ಪಿ ಬಂದಿತ್ತು."

ಡಾಕ್ಟರು ಪಾಪ, ಸಂಕೋಚದ ಮನುಷ್ಯ. ಡಜನ್ ಪೂರಾ ಇಲ್ಲದಿದ್ದರೆ ತನಗೆ ಅಷ್ಟು ಉಪಯೋಗವಿಲ್ಲ ಎಂದು ಹತ್ತು ಸಲ ಕ್ಷಮೆ ಕೇಳಿ, ಹೇಳಿದ ದರದ ಅರ್ಧಕ್ಕೂ ಕಡಿಮೆ ಕೊಟ್ಟು, ಹನ್ನೊಂದನ್ನೂ ಕಾರಿನಲ್ಲಿಟ್ಟುಕೊಂಡು ಹೋದರು. ಕಾರು ತಿರುಗುವವರೆಗೂ ಸೀನು ಕೇಳುತ್ತಿತ್ತು. ಆವಕ ನಿಂತ ಮಾಲಿಗೆ ದರ ಬಂದೇ ಬರುತ್ತದೆ ಎಂಬ ಅಣ್ಣನ ಪಾಠ ಅಲ್ಲಿಗೆ ಮುಗಿಯಿತು. ಉಳಿದ ಹದಿಮೂರನ್ನು ಅವನು ಹಮಾಲರಿಗೂ ತೂಕದವರಿಗೂ ಹಂಚಿಬಿಟ್ಟ.

ಅವತ್ತು ಡಾಕ್ಟರ ಕಾರು ಹೋದ ಮೇಲೆ ಅಂಗಡಿಯಲ್ಲಿ ನಾವು ಮೂವರೇ ಉಳಿದಿದ್ದೆವು. ಅಣ್ಣ ಚಾವಣಿ ನೋಡಲಿಲ್ಲ, ಗಾದಿಯ ಮೇಲಿನ ಕೆಂಪು ಪುಡಿಯನ್ನು ಅಂಗೈಯಿಂದ ಒರೆಸುತ್ತಿದ್ದ. ಅವನ ಮಗ ಬಾಗಿಲು ಬಿಟ್ಟು ನನ್ನ ಹತ್ತಿರ ಬಂದ. ನನ್ನ ಮುಷ್ಟಿ ಇನ್ನೂ ಮಡಚಿಯೇ ಇತ್ತು.

"ಅತ್ತಿ, ಅದು ನಿಮ್ದೇನು?" ಎಂದು ಮೆಲ್ಲಗೆ ಕೇಳಿದ.

"ಹೌದಪಾ, ನಂದು."

ಅವನು ಅಪ್ಪನ ಕಡೆ ನೋಡಿದ, ಈ ಸಲ ಪೂರ್ತಿ ನೋಡಿದ. ಆಮೇಲೆ ಜೇಬಿನಿಂದ ತೇವದ ಮಷಿನ್ ತೆಗೆದು, ಗಾದಿಯ ಪಕ್ಕದ ಮೇಜಿನ ಖಾನೆಯೊಳಗಿಟ್ಟು, ಖಾನೆ ಮುಚ್ಚಿದ.

"ಅಪ್ಪಾ, ಹಿಂದ ನಾಕು ಚೀಲಾ ಬಂದು ಬಿದ್ದಾವ," ಅಂದ. "ನೀವ ಒಮ್ಮೆ ಕೈ ಹಾಕಿ ನೋಡ್ರಿ."